ಹಳೆಯ ಸ್ನಾನದ ತೊಟ್ಟಿಯ ಜೀರ್ಣೋದ್ಧಾರ



ನಮ್ಮ ಶಿಲಾಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತೊಂದುಂಟು: ಖಂಡಸ್ಫುಟಿತ ಜೀರ್ಣೋದ್ಧಾರ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದತ್ತಿ ಬಿಡುವಾಗ, ಪೂಜೆಗೆ ಇಷ್ಟು, ಆಹಾರದಾನಕ್ಕೆ ಇಷ್ಟು ಎಂದು ಬರೆಸಿದ ಹಿರಿಯರು, ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವುದಕ್ಕಾಗಿ ಇಷ್ಟು ಎಂದು ಮರೆಯದೆ ಸೇರಿಸುತ್ತಿದ್ದರು. ಕಟ್ಟಿದ ದಿನವೇ ಅದು ಮುಂದೆ ಜೀರ್ಣವಾಗತಕ್ಕದ್ದೆಂಬುದನ್ನು ಒಪ್ಪಿಕೊಂಡ ವಿವೇಕವದು. ದೇವಾಲಯಕ್ಕೆ ಸಲ್ಲುವ ಈ ವಿವೇಕವನ್ನು ಮನೆಯ ಬಚ್ಚಲಿಗೆ ಇಳಿಸಿ ಮಾತನಾಡಿದರೆ ಯಾರೂ ಅಪಚಾರವೆಂದು ಭಾವಿಸಲಾರರೆಂದು ನಂಬಿ, ಹಳೆಯ ಸ್ನಾನದ ತೊಟ್ಟಿಯನ್ನು ಮನೆಯಲ್ಲಿಯೇ ಶುಚಿಮಾಡಿ ಹೊಸ ಲೇಪಕ್ಕೆ ಸಿದ್ಧಗೊಳಿಸುವ ಕ್ರಮವನ್ನು ಈ ಹೊತ್ತು ನಿಮ್ಮ ಮುಂದಿಡಲು ಉದ್ಯುಕ್ತರಾಗಿದ್ದೇವೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಸೀಮೆಗೆ ಸ್ನಾನವೆಂಬುದು ಅಪರಿಚಿತವಾದ ಸಂಗತಿಯಲ್ಲ. ಹೊಳೆನರಸೀಪುರದ ಹೆಸರಿನಲ್ಲಿಯೇ ಹೊಳೆಯಿದೆ. ಹೇಮಾವತಿಯ ದಡದ ಊರದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಿಳಿಯ ಕೊಳದಿಂದಲೇ ಹೆಸರು ಬಂದಿತೆಂದು ಹೇಳುತ್ತಾರೆ. ಹಾಸನದ ಪಟ್ಟಣಿಗರು ಕುಡಿಯುವುದೂ ಮೀಯುವುದೂ ಬಹಳಮಟ್ಟಿಗೆ ಗೊರೂರಿನ ಹೇಮಾವತಿಯ ನೀರು. ಅಲ್ಲಿಯ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಇಂಥ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲುಮನೆಯ ಉಪಕರಣಗಳು ಮೂರು ಬಗೆಯವು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ ಮೊದಲನೆಯದು. ತಣ್ಣೀರು ನಿಲ್ಲಿಸುವ ಕಲ್ಲಿನ ಬಾನಿ ಅಥವಾ ಗಚ್ಚಿನ ತೊಟ್ಟಿ ಎರಡನೆಯದು. ಮೂರನೆಯದು, ಕಾಫಿ ತೋಟಗಳ ಬಂಗಲೆಗಳಿಂದಲೂ ಪಟ್ಟಣದ ಅನುಕೂಲಸ್ಥರ ಮನೆಗಳಿಂದಲೂ ಬಳಕೆಗೆ ಬಂದ, ಒಳಗೆ ಬಿಳಿಯ ಎನಾಮಲ್ ಹೊಯ್ದ ಎರಕದ ಕಬ್ಬಿಣದ ಟಬ್ಬು. ಇಂದಿನ ಮಾತು ಮುಖ್ಯವಾಗಿ ಈ ಮೂರನೆಯದನ್ನು ಕುರಿತದ್ದು. ಆದರೆ ಮೊದಲಿನ ಎರಡನ್ನು ಬಿಟ್ಟು ಇದನ್ನು ಹೇಳುವಂತಿಲ್ಲ. ಏಕೆಂದರೆ ಇದಕ್ಕೆ ಬೇಕಾದ ಪಾಠವೆಲ್ಲ ಅವುಗಳಲ್ಲಿಯೇ ಇದೆ.

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ನಮ್ಮ ಮನೆಗಳಲ್ಲಿ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಒಲೆಯಿಂದ ಇಳಿಸಿ, ಹೊರಗಿನ ಮಸಿಯನ್ನೂ ಒಳಗಿನ ಕರೆಯನ್ನೂ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಮರುದಿನ ನರಕಚತುರ್ದಶಿಯ ಅಭ್ಯಂಜನಕ್ಕೆ ಅದೇ ನೀರು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಅನುಕ್ರಮ. ಮೊದಲು ಬೂದಿಯಿಂದ ತಿಕ್ಕುತ್ತಾರೆ, ಆಮೇಲೆ ಹುಣಿಸೆಹಣ್ಣಿನಿಂದ. ಅಲಂಕಾರ ಕಟ್ಟಕಡೆಗೆ. ಈ ಅನುಕ್ರಮಕ್ಕೆ ಆಧಾರವಾದ ರಸಾಯನಶಾಸ್ತ್ರವುಂಟು. ಕಟ್ಟಿಗೆಯ ಬೂದಿಯಲ್ಲಿ ಪೊಟಾಸಿಯಂ ಕಾರ್ಬೊನೇಟೆಂಬ ಕ್ಷಾರವಿದೆ. ಅದು ಜಿಡ್ಡಿನೊಡನೆ ಸೇರಿ ಸಾಬೂನಿನಂತಾಗಿ ನೀರಿನಲ್ಲಿ ಹೊರಟುಹೋಗುತ್ತದೆ. ಹುಣಿಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಅದು ತಾಮ್ರದ ಮೇಲಿನ ಕರಿಯ ಆಕ್ಸೈಡನ್ನೂ ಹಸಿರು ಕಿಲುಬನ್ನೂ ಕರಗಿಸುತ್ತದೆ. ಜಿಡ್ಡು ಇರುವವರೆಗೆ ಹುಳಿ ಲೋಹವನ್ನು ಮುಟ್ಟಲಾರದು. ಆದುದರಿಂದ ಕ್ಷಾರ ಮೊದಲು, ಆಮ್ಲ ಅನಂತರ.

ಇನ್ನೊಬ್ಬ ಗುರು ಕಲಾಯಿಗಾರ. ಹಿಂದೆ ಬೀದಿಬೀದಿಗೆ ತಿದಿಯನ್ನು ಹೊತ್ತು ಬರುತ್ತಿದ್ದ ಆತ ಅಡಿಗೆಯ ತಾಮ್ರದ ಪಾತ್ರೆಗೆ ತವರವನ್ನು ಬಳಿಯುವುದು ಕೆಲವು ಕ್ಷಣಗಳ ಕೆಲಸ. ಪಾತ್ರೆಯನ್ನು ಅದಕ್ಕೆ ಸಿದ್ಧಮಾಡುವುದೇ ದೀರ್ಘವಾದ ಕೆಲಸ. ಮರಳು ಹಾಕಿ ಕಾಲಿನಿಂದ ತುಳಿದು ತಿರುಗಿಸಿ ಉಜ್ಜುತ್ತಿದ್ದ. ಬಿಸಿಮಾಡಿ ನವಸಾಗರದ ಪುಡಿಯನ್ನು ಉದುರಿಸುತ್ತಿದ್ದ. ಆ ಕಾವಿಗೆ ನವಸಾಗರ ಒಡೆದು ಹೊರಬರುವ ಆಮ್ಲದ ಆವಿ ಲೋಹದ ಮೇಲೆ ಉಳಿದಿದ್ದ ಕೊನೆಯ ಆಕ್ಸೈಡನ್ನೂ ತೆಗೆದುಬಿಡುತ್ತಿತ್ತು. ೨೩೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ತವರ ಆಗ ಅರಿವೆಯ ಒಂದು ಸವರಿಗೇ ಕನ್ನಡಿಯಂತೆ ಹರಡುತ್ತಿತ್ತು. ಎಲ್ಲಿಯಾದರೂ ಎಣ್ಣೆಯ ಬೆರಳಿನ ಗುರುತೊಂದು ಉಳಿದಿದ್ದರೆ ಅಲ್ಲಿ ಮಾತ್ರ ತವರ ಕೂಡದೆ ಕೆಂಪು ಚುಕ್ಕೆ ಕಾಣುತ್ತಿತ್ತು. ಲೇಪದ ಆಯುಷ್ಯ ಲೇಪದಲ್ಲಿಲ್ಲ, ಅದರ ಕೆಳಗಿನ ನೆಲದಲ್ಲಿದೆ ಎಂಬ ಈ ತತ್ತ್ವ ಕಲಾಯಿಗೂ ಸರಿ, ಟಬ್ಬಿನ ಬಣ್ಣಕ್ಕೂ ಸರಿ.

ಇನ್ನು ಟಬ್ಬಿನ ಸ್ವರೂಪವನ್ನು ವಿಚಾರಿಸೋಣ. ಎನಾಮಲ್ ಎಂಬುದು ಬಣ್ಣವಲ್ಲ; ಅದು ಗಾಜು. ಕೆಂಡದಂತೆ ಕಾದ ಎರಕದ ಕಬ್ಬಿಣದ ಮೇಲೆ ಗಾಜಿನ ನಯವಾದ ಪುಡಿಯನ್ನು ಉದುರಿಸಿದರೆ ಅದು ಅಲ್ಲಿಯೇ ಕರಗಿ ಕಬ್ಬಿಣಕ್ಕೆ ಬೆಸೆದುಕೊಳ್ಳುತ್ತದೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಜಾನ್ ಮೈಕಲ್ ಕೋಲರ್ ಎಂಬ ಎರಕದ ಕಾರ್ಖಾನೆಯ ಯಜಮಾನರು ೧೮೮೩ರಲ್ಲಿ ಪಶುಗಳಿಗಾಗಿ ಎರೆಯುತ್ತಿದ್ದ ಬಾನಿಯೊಂದಕ್ಕೆ ಎನಾಮಲ್ ಹೊಯ್ದು, ನಾಲ್ಕು ಕಾಲುಗಳನ್ನಿಟ್ಟು, ಅದನ್ನು ಸ್ನಾನದ ತೊಟ್ಟಿಯೆಂದು ಮಾರಿದರೆಂಬುದು ಆ ಉದ್ಯಮದ ಪ್ರಸಿದ್ಧ ಕಥೆ. ಐದು ಅಡಿ ಉದ್ದದ ಇಂಥ ಟಬ್ಬು ನೂರು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಅದನ್ನು ಹೊರಗೆ ಸಾಗಿಸಬೇಕಾದರೆ ಬಾಗಿಲ ಚೌಕಟ್ಟನ್ನೋ ಟಬ್ಬನ್ನೋ ಒಡೆಯಬೇಕಾಗುವುದು ಅಪರೂಪವಲ್ಲ. ಇದ್ದಲ್ಲಿಯೇ ಅದನ್ನು ಸರಿಪಡಿಸುವ ಆಸೆ ಹುಟ್ಟುವುದು ಇದರಿಂದಲೇ.

ಆದರೆ ಲೇಪದ ಡಬ್ಬಿಯನ್ನು ಕೊಳ್ಳುವುದಕ್ಕೆ ಮುಂಚೆ ತೊಟ್ಟಿ ಯಾವುದರಿಂದ ಆದದ್ದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಅಯಸ್ಕಾಂತ ಹಿಡಿದರೆ ಕಬ್ಬಿಣ ಅಥವಾ ಉಕ್ಕು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಗಂಭೀರವಾದ ಮೊದ್ದು ಸದ್ದಾದರೆ ಎರಕ, ತಗಡಿನ ಸದ್ದಾದರೆ ಒತ್ತಿ ಮಾಡಿದ ಉಕ್ಕು. ಅಯಸ್ಕಾಂತ ಹಿಡಿಯದೆ ಮುಟ್ಟಿದರೆ ಬೆಚ್ಚಗಿದ್ದು ಒತ್ತಿದರೆ ಬಗ್ಗುವುದು ಫೈಬರ್ ಗಾಜು ಅಥವಾ ಆಕ್ರಿಲಿಕ್. ತಾಮ್ರದ ಹಂಡೆಗೆ ಯಾವ ಬಣ್ಣವನ್ನೂ ಬಳಿಯಕೂಡದು. ಬೆಂಕಿಯ ಮೇಲೆ ಅದು ಸುಟ್ಟು ಹೊಗೆಯಾಗುವುದು. ಗಚ್ಚಿನ ತೊಟ್ಟಿಗೆ ಆಮ್ಲವನ್ನು ಮುಟ್ಟಿಸಕೂಡದು. ಗಚ್ಚೆಂದರೆ ಸುಣ್ಣ, ಆಮ್ಲವು ಕೊಳೆಯೊಡನೆ ತೊಟ್ಟಿಯನ್ನೇ ತಿನ್ನುತ್ತದೆ. ಅಮೃತಶಿಲೆಗೂ ಮೊಸಾಯಿಕ್ಕಿಗೂ ಇದೇ ನಿಯಮ. ಸತುವಿನ ಲೇಪದ ತಗಡಿನ ತೊಟ್ಟಿಗೂ ಆಮ್ಲ ಸಲ್ಲದು. ಅದು ಸತುವನ್ನು ಕರಗಿಸಿ ತಗಡನ್ನು ತುಕ್ಕಿಗೆ ಒಪ್ಪಿಸುವುದು. ಎನಾಮಲ್ ಟಬ್ಬಿನಲ್ಲಿಯೂ ಗಾಜಿನ ಮೂಲ ಮೈ ಕಾಣುತ್ತಿದೆಯೋ, ಅಥವಾ ಹಿಂದೆ ಯಾರೋ ಬಳಿದ ಬಣ್ಣವಿದೆಯೋ ಎಂಬುದನ್ನು ನೋಡಬೇಕು. ಅಂಚಿನಲ್ಲಿ ಪೊರೆಯಂತೆ ಏಳುತ್ತಿದ್ದರೆ, ಉಗುರಿಗೆ ಸಿಕ್ಕರೆ, ಅದು ಹಳೆಯ ಬಣ್ಣ. ಈ ಒಂದು ವ್ಯತ್ಯಾಸ ಎಷ್ಟು ಮುಖ್ಯವೆಂಬುದನ್ನು ಮುಂದೆ ಹೇಳುತ್ತೇವೆ.

ಟಬ್ಬಿನ ಮೇಲೆ ಕೂಡುವ ಕೊಳೆ ಮೂರು ಜಾತಿಯದು: ಜಿಡ್ಡು, ಉಪ್ಪಿನ ಕರೆ, ತುಕ್ಕು. ಎಣ್ಣೆಸ್ನಾನದ ನಾಡಿನಲ್ಲಿ ಜಿಡ್ಡಿಗೆ ಕೊರತೆಯಿಲ್ಲ. ಹರಳೆಣ್ಣೆ, ಕೊಬ್ಬರಿಯೆಣ್ಣೆ, ಸಾಬೂನಿನ ಬಿಳಿಯ ಕಟ್ಟು ಇವೆಲ್ಲ ಕಾಲಕ್ರಮದಲ್ಲಿ ಒಂದು ಪೊರೆಯಾಗುತ್ತವೆ. ಉಪ್ಪಿನ ಕರೆ ನೀರನ್ನು ಅವಲಂಬಿಸಿದ್ದು. ಹೇಮಾವತಿ ಕಾವೇರಿಗಳ ಹೊಳೆಯ ನೀರು ಬರುವ ಮನೆಗಳಲ್ಲಿ ಅದು ತೆಳುವು. ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಯಲ್ಲಿ, ಕಲ್ಲಿನ ನೆಲದ ಆಳದಿಂದ ಎತ್ತಿದ ಕೊಳವೆಬಾವಿಯ ನೀರನ್ನೇ ನೆಚ್ಚಿದ ಮನೆಗಳಲ್ಲಿ ಅದು ದಪ್ಪ. ಗಡಸುನೀರಿನಲ್ಲಿ ಕರಗಿರುವ ಸುಣ್ಣದ ಅಂಶ ನೀರು ಕಾದಾಗಲೂ ಆರಿದಾಗಲೂ ಕಲ್ಲಿನಂತೆ ಕೂಡುತ್ತದೆ. ಹಂಡೆಯ ಒಳಮೈಯ ಬಿಳಿಯ ಪರೆಯೂ ಅದೇ. ಮೂರನೆಯದಾದ ತುಕ್ಕು ಎನಾಮಲ್ ಒಡೆದ ಕಡೆ, ನಲ್ಲಿಯ ಹನಿ ಸದಾ ಬೀಳುವ ಕಡೆ, ನೀರು ಹೊರಹೋಗುವ ರಂಧ್ರದ ಸುತ್ತ ಕಾಣುವುದು.

ಈಗ ಕೆಲಸದ ಕ್ರಮವನ್ನು ಹೇಳುತ್ತೇವೆ. ಮೊದಲು ಸೋರುವ ನಲ್ಲಿಯನ್ನು ಸರಿಮಾಡಿಸಬೇಕು. ಮುಂದೆ ಹೊಸ ಲೇಪದ ಮೇಲೆ ಒಂದೇ ಒಂದು ಹನಿ ಬಿದ್ದರೂ ಅಲ್ಲಿ ಕಲೆ ನಿಲ್ಲುತ್ತದೆ; ಆದ್ದರಿಂದ ಇದು ಮೊದಲ ಕೆಲಸವೇ ಹೊರತು ಕಡೆಯದಲ್ಲ. ಆಮೇಲೆ ರಂಧ್ರದ ಮುಚ್ಚಳವನ್ನೂ ಗೋಡೆಯ ಸಂದಿಯಲ್ಲಿ ತುಂಬಿರುವ ರಬ್ಬರಿನಂಥ ಸಿಲಿಕೋನ್ ಮೇಣವನ್ನೂ ಪೂರ್ತಿಯಾಗಿ ಕಿತ್ತು ತೆಗೆಯಬೇಕು. ಸಿಲಿಕೋನಿನ ತೆಳುವಾದ ಅಂಶ ಉಳಿದರೂ ಯಾವ ಬಣ್ಣವೂ ಅದರ ಮೇಲೆ ನಿಲ್ಲದು. ಲೋಹದ ಅಲಗಿನ ಬದಲು ಪ್ಲಾಸ್ಟಿಕ್ಕಿನ ಅಲಗನ್ನು ಉಪಯೋಗಿಸಿದರೆ ಎನಾಮಲಿಗೆ ಗೀರು ಬೀಳುವುದಿಲ್ಲ.

ಎರಡನೆಯದಾಗಿ, ಒಂದು ಬಕೀಟು ಬಿಸಿನೀರಿಗೆ ಒಂದು ಹಿಡಿ ಬಟ್ಟೆಸೋಡಾ ಹಾಕಿ, ಸ್ವಲ್ಪ ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ತೊಟ್ಟಿಯ ತಳ, ಗೋಡೆ, ಅಂಚು ಎಲ್ಲವನ್ನೂ ಗಡುಸಾದ ನಾರಿನಿಂದ ತಿಕ್ಕಬೇಕು. ಕೈಗೆ ರಬ್ಬರಿನ ಚೀಲವಿರಲಿ. ನೀರು ಬಗ್ಗಡವಾಗುವುದು ನಿಲ್ಲುವವರೆಗೆ ಎರಡು ಮೂರು ಸಲ ಇದನ್ನೇ ಮಾಡಿ, ಧಾರಾಳವಾಗಿ ತೊಳೆಯಬೇಕು. ಮೂರನೆಯದಾಗಿ ಉಪ್ಪಿನ ಕರೆ. ಒಂದು ಲೀಟರು ಬೆಚ್ಚನೆಯ ನೀರಿಗೆ ಐವತ್ತು ಗ್ರಾಮಿನಷ್ಟು ನಿಂಬೆಹುಳಿಯ ಲವಣ, ಎಂದರೆ ಸಿಟ್ರಿಕ್ ಆಮ್ಲದ ಹರಳು, ಕರಗಿಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಕರೆಯ ಮೇಲೆ ಹಾಸಬೇಕು. ಸಣ್ಣಗೆ ನೊರೆಯೇಳುವುದು ಸುಣ್ಣ ಕರಗುತ್ತಿರುವುದರ ಗುರುತು. ಹತ್ತು ಹದಿನೈದು ನಿಮಿಷಗಳಾದ ಮೇಲೆ ತಿಕ್ಕಿ ತೊಳೆದು, ಬೇಕಾದರೆ ಮತ್ತೊಮ್ಮೆ ಹಾಸಬೇಕು. ರಾತ್ರಿಯೆಲ್ಲ ಬಿಡಕೂಡದು, ಹಳೆಯ ಎನಾಮಲಿನ ಹೊಳಪನ್ನು ಆಮ್ಲವು ಕೆಡಿಸುತ್ತದೆ. ತುಕ್ಕಿನ ಕಲೆಗೂ ಇದೇ ದ್ರವ ಸಾಕು. ಒಡೆದ ಕಡೆ ಕಬ್ಬಿಣದ ಮೇಲೆಯೇ ಕೂತ ತುಕ್ಕನ್ನು ಮಾತ್ರ ಮರಳುಕಾಗದದಿಂದ ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು.

ಇಷ್ಟಾದ ಮೇಲೆ ಒಂದು ದಿನ ಕೆಲಸವನ್ನು ನಿಲ್ಲಿಸಿ, ತೊಟ್ಟಿಯನ್ನು ಹಗಲಿನ ಬೆಳಕಿನಲ್ಲಿ ನೋಡಿರೆಂದು ನಾವು ಬಿನ್ನವಿಸುತ್ತೇವೆ. ಮೈಯ ಹೊಳಪು ಸತ್ತಿದೆಯೆಂದು ತಿಳಿದಿದ್ದ ಎಷ್ಟೋ ಟಬ್ಬುಗಳಲ್ಲಿ ಸತ್ತಿರುವುದು ಎನಾಮಲಲ್ಲ. ಅದರ ಮೇಲಿನ ಸುಣ್ಣ ಸಾಬೂನುಗಳ ಪೊರೆ ಮಾತ್ರ. ಪೊರೆ ಹೋದ ಮೇಲೆ ಮೂಲ ಗಾಜೇ ಹೊಳೆಯುತ್ತಿದ್ದರೆ, ಅಲ್ಲಲ್ಲಿ ಒಂದೆರಡು ಚಕ್ಕೆ ಎದ್ದಿದ್ದರೆ, ಆ ಚಕ್ಕೆಗಳನ್ನಷ್ಟೇ ಮುಚ್ಚಿ ಅಲ್ಲಿಗೆ ತೃಪ್ತರಾಗಬಹುದು. ಬೆಂಕಿಯಲ್ಲಿ ಬೆಸೆದ ಗಾಜಿಗೆ ಸಮನಾದ ಲೇಪವನ್ನು ಮನೆಯಲ್ಲಿ ಯಾರೂ ಬಳಿಯಲಾರರು. ಕುಂಚದಿಂದ ಬಳಿದ ಉತ್ತಮ ಲೇಪವೂ ಕೆಲವು ವರ್ಷಗಳ ಬಾಳ್ವೆಯದು. ಒಮ್ಮೆ ಬಳಿದಮೇಲೆ ಅದು ಏಳುವುದೂ ಮತ್ತೆ ಬಳಿಯುವುದೂ ತಪ್ಪುವುದಿಲ್ಲ. ಆದುದರಿಂದ ಲೇಪ ಬೇಕೇ ಬೇಡವೇ ಎಂಬ ನಿರ್ಣಯ ಶುಚಿ ಮಾಡಿದ ಮೇಲೆ ಆಗತಕ್ಕದ್ದು, ಮೊದಲಲ್ಲ.

ಲೇಪ ಬೇಕೆಂದೇ ತೀರ್ಮಾನವಾದರೆ ಮುಂದಿನ ಹೆಜ್ಜೆ ಮೈಯನ್ನು ಒರಟುಮಾಡುವುದು. ಗಾಜಿನಂಥ ನುಣುಪಾದ ಮೈಯನ್ನು ಲೇಪ ಹಿಡಿಯಲಾರದು. ಅದಕ್ಕೆ ಸಣ್ಣ ಸಣ್ಣ ಗೀರುಗಳೆಂಬ ಹಿಡಿಕೆಗಳು ಬೇಕು. ನೀರು ತಡೆಯುವ ಕರಿಯ ಮರಳುಕಾಗದವನ್ನು ೨೨೦ನೆಯ ನಂಬರಿನಿಂದ ಆರಂಭಿಸಿ ೪೦೦ನೆಯ ನಂಬರಿನಲ್ಲಿ ಮುಗಿಸಿ, ಹೊಳಪೆಲ್ಲ ಹೋಗಿ ಮೈಯೆಲ್ಲ ಒಂದೇ ಸಮನಾಗಿ ಮಂಕಾಗುವವರೆಗೆ ಉಜ್ಜಬೇಕು. ಇದನ್ನು ಯಾವಾಗಲೂ ನೀರು ಸುರಿದುಕೊಂಡೇ ಮಾಡತಕ್ಕದ್ದು. ಹಳೆಯ ಎನಾಮಲಿನಲ್ಲಿಯೂ ಹಳೆಯ ಬಣ್ಣದಲ್ಲಿಯೂ ಸೀಸವಿರುವ ಸಂಭವವುಂಟು. ಒಣಗಿದ ಧೂಳಾಗಿ ಅದು ಹಾರಿದರೆ ಉಸಿರಿನಲ್ಲಿ ಹೋಗುವುದು, ನೆಲದ ಮೇಲೆ ಬಿದ್ದರೆ ಅಂಬೆಗಾಲಿಕ್ಕುವ ಕೂಸಿನ ಕೈಗೆ ಅಂಟಿ ಬಾಯಿಗೆ ಹೋಗುವುದು. ಸೀಸ ಮಕ್ಕಳ ಮೆದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದಲ್ಲ. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂಬ ನಿಯಮ ೨೦೧೬ರಲ್ಲಿ ಹೊರಟು, ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣವನ್ನೆಲ್ಲ ಸಂಶಯದಿಂದಲೇ ಕಾಣಬೇಕು. ಉಜ್ಜಿದ ರಾಡಿಯನ್ನು ಹಳೆಯ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಕಟ್ಟಿ ಬೇರೆಯಾಗಿ ಹಾಕಬೇಕು. ಬಚ್ಚಲ ನೀರು ಹರಿಯುವ ಬಾಳೆಯ ಪಾತಿಗೆ ಅದನ್ನು ಬಿಡಕೂಡದು.

ಚಕ್ಕೆ ಎದ್ದ ಕಡೆಗಳಲ್ಲಿ ಎರಡು ಭಾಗ ಕಲಸುವ ಎಪಾಕ್ಸಿ ಮೆತ್ತೆಯನ್ನು ತುಂಬಿ, ಗಟ್ಟಿಯಾದ ಮೇಲೆ ಸಮತಟ್ಟಾಗಿ ಉಜ್ಜಬೇಕು. ಮತ್ತೊಮ್ಮೆ ಸಾಬೂನಿನಿಂದ ತೊಳೆದು ಎರಡು ಸಲ ಶುದ್ಧ ನೀರಿನಿಂದ ಜಾಲಿಸಬೇಕು. ಆಗ ಒಂದು ಸುಲಭವಾದ ಪರೀಕ್ಷೆಯುಂಟು. ಒಂದು ತಂಬಿಗೆ ಶುದ್ಧವಾದ ನೀರನ್ನು ಅಂಚಿನಿಂದ ಹರಿಯಬಿಟ್ಟು ಅರ್ಧ ನಿಮಿಷ ನೋಡಿ. ನೀರು ತೆಳುವಾದ ಒಂದೇ ಹಾಳೆಯಂತೆ ಒಡೆಯದೆ ನಿಂತರೆ ಮೈ ಶುಚಿಯಾಗಿದೆ. ಎಲ್ಲಿಯಾದರೂ ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಸರಿದುಕೊಂಡರೆ ಅಲ್ಲಿ ಇನ್ನೂ ಜಿಡ್ಡಿದೆ. ಎರಡನೆಯ ಹೆಜ್ಜೆಗೆ ಹಿಂದಿರುಗಬೇಕು. ಈ ಪರೀಕ್ಷೆ ತೇರ್ಗಡೆಯಾದ ಮೇಲೆ ಬರಿಗೈಯಿಂದ ಆ ಮೈಯನ್ನು ಮುಟ್ಟಬಾರದು. ಬೆರಳಿನ ಎಣ್ಣೆಯೇ ಸಾಕು, ಕಲಾಯಿಗಾರನ ಕೆಂಪು ಚುಕ್ಕೆ ಇಲ್ಲಿಯೂ ಕಾಣಿಸಿಕೊಳ್ಳಲು.

ಒಣಗಿಸುವುದು ಕಾಲವನ್ನು ನೋಡಿ ಮಾಡಬೇಕಾದ ಕೆಲಸ. ಆಷಾಢ ಶ್ರಾವಣಗಳಲ್ಲಿ, ಮಲೆನಾಡಿನ ಸೆರಗಾದ ಅರಕಲಗೂಡಿನ ಕಡೆಯಂತೂ, ಗೋಡೆಯೇ ಬೆವರುವಾಗ ಈ ಕೆಲಸಕ್ಕೆ ಕೈಯಿಕ್ಕಬಾರದು. ಜನವರಿಯಿಂದ ಮಾರ್ಚಿಯವರೆಗೆ ನಮ್ಮ ಸೀಮೆಯ ಗಾಳಿ ಒಣಗಾಳಿ. ಅದೇ ತಕ್ಕ ಸಮಯ. ಆಗಲೂ ಬೆಳಗಿನ ಚಳಿಯಲ್ಲಿ ಎರಕದ ಕಬ್ಬಿಣ ಗಾಳಿಗಿಂತ ತಣ್ಣಗಿದ್ದು, ಕಣ್ಣಿಗೆ ಕಾಣದ ಇಬ್ಬನಿಯನ್ನು ಮೈಮೇಲೆ ಎಳೆದುಕೊಂಡಿರುತ್ತದೆ. ಹೊತ್ತೇರಿ ಲೋಹ ಬೆಚ್ಚಗಾದ ಮೇಲೆ, ಹತ್ತು ಗಂಟೆಯ ಅನಂತರ, ಲೇಪಕ್ಕೆ ತೊಡಗುವುದು ಲೇಸು. ತೊಳೆದು ಒಂದು ಇಡೀ ಹಗಲು ರಾತ್ರಿ ಕಳೆದಿರಬೇಕು. ರಂಧ್ರದ ಸುತ್ತಲೂ ಸಂದಿಗಳಲ್ಲಿಯೂ ನೀರು ಉಳಿಯುವುದೆಂಬುದನ್ನು ಮರೆಯಬಾರದು. ಇಲ್ಲಿಗೆ ಸಿದ್ಧತೆ ಮುಗಿಯಿತು. ಲೇಪವನ್ನು ಡಬ್ಬಿಯ ಮೇಲಿನ ವಿಧಿಯಂತೆ ತೆಳುವಾಗಿ ಎರಡು ಸಲ ಬಳಿಯುವುದು, ಅದು ಗಟ್ಟಿಯಾಗಲು ಹೇಳಿದಷ್ಟು ದಿನ ನೀರು ಮುಟ್ಟಿಸದಿರುವುದು, ಮುಂದೆ ಒರಟಾದ ಪುಡಿಗಳಿಂದ ತಿಕ್ಕದಿರುವುದು, ಇವು ಯಾರಿಗೂ ಕಷ್ಟವಾದ ಮಾತುಗಳಲ್ಲ.

ಇನ್ನು ನಾವು ಹೇಳಲೇಬೇಕಾದ ಗುರುತರವಾದ ಮಾತು ಅಪಾಯಗಳನ್ನು ಕುರಿತದ್ದು. ಬಚ್ಚಲುಮನೆ ಸಣ್ಣ ಕೋಣೆ. ಒಂದು ಬಾಗಿಲು, ಒಂದು ಕಿರುಗಿಂಡಿ. ಅಲ್ಲಿ ಹುಟ್ಟಿದ ಆವಿ ಅಲ್ಲಿಯೇ ನಿಲ್ಲುತ್ತದೆ. ಕೊಳೆ ಬೇಗ ಹೋಗಲೆಂದು ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸುರಿಯುವವರುಂಟು. ಅವೆರಡೂ ಕೂಡಿದರೆ ಹೊರಡುವುದು ಕ್ಲೋರೀನ್ ಅನಿಲ; ಮೊದಲ ಮಹಾಯುದ್ಧದಲ್ಲಿ ೧೯೧೫ರಲ್ಲಿ ಸೈನ್ಯಗಳ ಮೇಲೆ ಬಿಟ್ಟ ವಿಷಾನಿಲವೇ ಅದು. ಎನಾಮಲನ್ನು ಒರಟುಮಾಡಲು ಕೆಲವು ವೃತ್ತಿಗಾರರು ಉಪಯೋಗಿಸುವ ಹೈಡ್ರೋಫ್ಲೋರಿಕ್ ಆಮ್ಲವಂತೂ ಮನೆಯೊಳಗೆ ಬರಲೇಬಾರದು. ಅದು ಚರ್ಮಕ್ಕೆ ತಾಗಿದಾಗ ಕೆಲವೊಮ್ಮೆ ಉರಿಯನ್ನೇ ತೋರಿಸದೆ ಒಳಗಿಳಿದು, ರಕ್ತದ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ, ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಮರಳುಕಾಗದವೂ ತಾಳ್ಮೆಯೂ ಇರುವವರಿಗೆ ಅದರ ಅಗತ್ಯವಿಲ್ಲ.

ಎಲ್ಲಕ್ಕಿಂತ ಹೆಚ್ಚಿನದು ಹಳೆಯ ಬಣ್ಣವನ್ನು ಕೀಳುವ ದ್ರವದ ಅಪಾಯ. ಹಳೆಯ ಬಣ್ಣವಿದೆಯೇ ಇಲ್ಲವೇ ನೋಡಿಕೊಳ್ಳಿರೆಂದು ಆಗ ಹೇಳಿದ್ದು ಇದಕ್ಕಾಗಿಯೇ. ಬಣ್ಣ ಕೀಳುವ ದ್ರವಗಳಲ್ಲಿ ಕೆಲವಕ್ಕೆ ಮೆಥಿಲೀನ್ ಕ್ಲೋರೈಡೇ ಮುಖ್ಯವಾದ ಅಂಗ. ಸುಮಾರು ೪೦ ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುವ ಈ ದ್ರವ ನಮ್ಮ ಹವೆಯಲ್ಲಿ ಬಹು ಬೇಗ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಲೇಳದೆ ತೊಟ್ಟಿಯೊಳಗೆ ನೀರಿನಂತೆ ತುಂಬಿ ನಿಲ್ಲುತ್ತದೆ. ಬಗ್ಗಿ ಕೆರೆಯುವವನ ಮುಖ ನೇರವಾಗಿ ಅದರಲ್ಲಿ ಮುಳುಗಿರುತ್ತದೆ. ಅದು ಮೊದಲು ಮಂಪರು ತರುತ್ತದೆ. ದೇಹದೊಳಗೆ ಸೇರಿದ ಮೇಲೆ ಕಾರ್ಬನ್ ಮಾನಾಕ್ಸೈಡಾಗಿ ಮಾರ್ಪಟ್ಟು ರಕ್ತಕ್ಕೆ ಪ್ರಾಣವಾಯು ಸಿಗದಂತೆ ಮಾಡುತ್ತದೆ. ಅಮೆರಿಕದಲ್ಲಿ ೨೦೦೦ದಿಂದ ೨೦೧೧ರವರೆಗೆ ಸ್ನಾನದ ತೊಟ್ಟಿಗಳನ್ನು ಹೊಸದಾಗಿಸುವ ವೃತ್ತಿಯ ೧೩ ಮಂದಿ ಹೀಗೆ ಸತ್ತರೆಂದು ಅಲ್ಲಿಯ ಸರ್ಕಾರದ ಆರೋಗ್ಯ ಇಲಾಖೆಯ ಪತ್ರಿಕೆ ೨೦೧೨ರಲ್ಲಿ ಪ್ರಕಟಿಸಿತು. ಬಣ್ಣ ಕೀಳುವುದಕ್ಕಾಗಿ ಆ ದ್ರವವನ್ನು ಗೃಹಸ್ಥರಿಗೆ ಮಾರುವುದನ್ನು ಆ ದೇಶ ೨೦೧೯ರಲ್ಲಿ ನಿಷೇಧಿಸಿ, ೨೦೨೪ರಲ್ಲಿ ಅದರ ಬಹುಪಾಲು ಇತರ ಉಪಯೋಗಗಳನ್ನೂ ನಿಷೇಧಿಸಿತು.

ಈ ಸುದ್ದಿ ದೂರದೇಶದ್ದೆಂದು ನಾವು ಸುಮ್ಮನಿರುವಂತಿಲ್ಲ. ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಅದರ ಮೇಲೆ ಮೆಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂಬ ಹೆಸರಿದೆಯೇ ಎಂದು ಓದಿ ನೋಡಬೇಕು. ಇದ್ದರೆ, ಅಥವಾ ಒಳಗಿರುವುದೇನೆಂದು ಬರೆದೇ ಇಲ್ಲದಿದ್ದರೆ, ಅದನ್ನು ಅಲ್ಲಿಯೇ ಬಿಟ್ಟು ಬರಬೇಕು. ಹಳೆಯ ಬಣ್ಣವನ್ನು ನೀರು ಸುರಿದು ಮರಳುಕಾಗದದಿಂದಲೇ ತೆಗೆಯಬಹುದು. ಎರಡು ದಿನದ ಕೆಲಸ ನಾಲ್ಕು ದಿನವಾದೀತು, ಅಷ್ಟೇ. ಲೇಪ ಬಳಿಯುವಾಗಲೂ ಬಾಗಿಲು ಗಿಂಡಿಗಳನ್ನು ತೆರೆದು, ಒಳಗಿನ ಗಾಳಿಯನ್ನು ಹೊರದಬ್ಬುವಂತೆ ಪಂಖವನ್ನಿಟ್ಟು, ಒಲೆಯನ್ನೂ ಗೀಸರಿನ ಜ್ವಾಲೆಯನ್ನೂ ಆರಿಸಿರಬೇಕು. ಎರಡು ಭಾಗ ಕಲಸುವ ಪಾಲಿಯುರಿಥೇನ್ ಲೇಪಗಳಲ್ಲಿರುವ ಐಸೊಸಯನೇಟ್ ಎಂಬ ವಸ್ತು ಉಬ್ಬಸವನ್ನು ತರಬಲ್ಲದು. ತುಂತುರಾಗಿ ಸಿಂಪಡಿಸಿದರೆ ಅದು ಇನ್ನೂ ಕೆಟ್ಟದ್ದು. ಮನೆಯಲ್ಲಿ ಸಿಂಪಡಿಸುವುದನ್ನು ಬಿಟ್ಟು ಕುಂಚ ಅಥವಾ ಉರುಳೆಯಿಂದ ಬಳಿಯುವುದೇ ಕ್ಷೇಮ. ಮೂಗಿಗೆ ಕಟ್ಟಿದ ಬಟ್ಟೆಯ ತುಂಡು ಧೂಳನ್ನು ಅಷ್ಟಿಷ್ಟು ತಡೆದೀತು, ಆವಿಯನ್ನು ತಡೆಯಲಾರದು.

ಈ ಕೆಲಸವನ್ನು ಸ್ವತಃ ಮಾಡುವವರು ನಮ್ಮಲ್ಲಿ ಕೆಲವರು; ಕೂಲಿಗೆ ಜನವನ್ನು ಕರೆದು ಮಾಡಿಸುವವರೇ ಹೆಚ್ಚು. ಕರೆದವರ ಕೈಯಲ್ಲಿ ಬಾಟಲನ್ನಿತ್ತು, ವಾಸನೆ ಮನೆಯೊಳಗೆ ಬಾರದಿರಲೆಂದು ಬಚ್ಚಲ ಬಾಗಿಲನ್ನು ಮುಚ್ಚಿ, ಸಂಜೆಯೊಳಗೆ ಮುಗಿಸೆಂದು ಹೇಳಿ ನಾವು ನಡುಮನೆಗೆ ಬಂದುಬಿಡುತ್ತೇವೆ. ಆ ಮುಚ್ಚಿದ ಬಾಗಿಲೇ ಅತ್ಯಂತ ಅಪಾಯಕರವಾದುದು. ಅದು ತೆರೆದಿರಲಿ, ಒಳಗಿರುವವನು ಒಂಟಿಯಾಗಿರದಿರಲಿ, ಕಾಲುಗಂಟೆಗೊಮ್ಮೆ ಆತ ಹೊರಗೆ ಬಂದು ಗಾಳಿ ಕುಡಿಯುವಷ್ಟು ಬಿಡುವನ್ನು ಕೂಲಿಯ ಲೆಕ್ಕದಲ್ಲಿಯೇ ಸೇರಿಸಿರೋಣ. ಎರಡು ದಿನ ಬಚ್ಚಲಲ್ಲಿ ಸ್ನಾನವಿಲ್ಲದಿದ್ದರೆ ನಮಗೆ ಆಗುವ ನಷ್ಟ ದೊಡ್ಡದಲ್ಲ.

ಹೀಗೆ ಜಿಡ್ಡನ್ನು ಕ್ಷಾರದಿಂದ, ಕರೆಯನ್ನು ಆಮ್ಲದಿಂದ, ಹೊಳಪನ್ನು ಮರಳುಕಾಗದದಿಂದ ಕ್ರಮವಾಗಿ ತೆಗೆದು, ನೀರಿನ ಹಾಳೆಯಿಂದ ಪರೀಕ್ಷಿಸಿ, ಒಣಗಾಳಿಯಲ್ಲಿ ಆರಿಸಿದ ತೊಟ್ಟಿ ಹೊಸ ಲೇಪಕ್ಕೆ ಸಿದ್ಧವಾದಂತೆಯೇ. ಮುಂದಿನ ನೀರು ತುಂಬುವ ಹಬ್ಬಕ್ಕೆ ಇನ್ನೂ ಸಮಯವಿದ್ದರೆ, ಮಳೆ ಹಿಂದೆಗೆದು ಒಣಗಾಳಿ ಬೀಸುವ ದಿನಗಳನ್ನು ಈಗಲೇ ಪಂಚಾಂಗದಲ್ಲಿ ಗುರುತು ಮಾಡಿಟ್ಟುಕೊಳ್ಳಬಹುದು.